ಆಟಗಾರನೊಬ್ಬನ ಮೊಕದ್ದಮೆ

ಪದವಿ ಪಡೆದು ಕಾಲೇಜಿನಿಂದ ಹೊರಬಂದ ಯುವಕ ಕೆಲಸಕ್ಕಾಗಿ ಯಾವ ಊರಿಗಾದರೂ ಅರ್ಜಿ ಹಾಕಿಕೊಳ್ಳಬಹುದು. ಒಂದು ಕಚೇರಿಯ ಸಂಬಳ ಸಾಲದೆಂದು ತೋರಿದರೆ ಇನ್ನೊಂದು ಕಚೇರಿಯ ಬಾಗಿಲು ತಟ್ಟಬಹುದು. ಇದು ನಮಗೆ ಎಷ್ಟು ಸಹಜವಾಗಿದೆಯೆಂದರೆ, ಇದೂ ಒಂದು ಹಕ್ಕು ಎಂಬ ನೆನಪೇ ಬರುವುದಿಲ್ಲ. ಅಮೆರಿಕದ ವೃತ್ತಿನಿರತ ಬ್ಯಾಸ್ಕೆಟ್‌ಬಾಲ್ ಆಟಗಾರರಿಗೆ ಈ ಹಕ್ಕು ಬಹುಕಾಲ ಇರಲಿಲ್ಲ. ಅದಕ್ಕಾಗಿ ನ್ಯಾಯಾಲಯದ ಮೆಟ್ಟಿಲೇರಿದವರ ಮುಂದಾಳು ಆಸ್ಕರ್ ರಾಬರ್ಟ್‌ಸನ್. ಆ ದೇಶ ಕಂಡ ಅತ್ಯುತ್ತಮ ಕಾಲೇಜು ಆಟಗಾರರಲ್ಲಿ ಆತನೊಬ್ಬ ಎಂಬುದು ಈ ಕಥೆಯನ್ನು ಇನ್ನಷ್ಟು ಸ್ವಾರಸ್ಯಗೊಳಿಸುತ್ತದೆ.

ರಾಬರ್ಟ್‌ಸನ್ ಹುಟ್ಟಿದ್ದು 1938ರಲ್ಲಿ, ಟೆನೆಸಿ ರಾಜ್ಯದ ಷಾರ್ಲಟ್ ಎಂಬ ಸಣ್ಣ ಊರಿನಲ್ಲಿ. ಕಪ್ಪು ಜನಾಂಗದ ಬಡ ಕುಟುಂಬ. ಬಾಲ್ಯದಲ್ಲೇ ಕುಟುಂಬ ಇಂಡಿಯಾನಾಪೊಲಿಸ್ ನಗರಕ್ಕೆ ಬಂದು ನೆಲೆಸಿತು. ಚೆಂಡು ಕೊಳ್ಳಲು ಹಣವಿಲ್ಲ. ಹರಕು ಬಟ್ಟೆಯನ್ನು ಉಂಡೆಮಾಡಿ, ರಬ್ಬರ್ ಪಟ್ಟಿಯಿಂದ ಬಿಗಿದು, ಮನೆಯ ಹಿಂದೆ ಕಟ್ಟಿದ್ದ ಹಣ್ಣಿನ ಬುಟ್ಟಿಗೆ ಎಸೆದು ಹುಡುಗ ಗುರಿ ಕಲಿತ. 1891ರಲ್ಲಿ ಜೇಮ್ಸ್ ನೈಸ್ಮಿತ್ ಈ ಆಟವನ್ನು ಹುಟ್ಟುಹಾಕಿದಾಗ ಬಳಸಿದ್ದೂ ಹಣ್ಣಿನ ಬುಟ್ಟಿಯನ್ನೇ. ಅರವತ್ತು ವರ್ಷದ ಆಟದ ಚರಿತ್ರೆಯನ್ನು ಬಡತನವು ಈ ಬಾಲಕನಿಗೆ ಮೊದಲಿನಿಂದ ಪಾಠಮಾಡಿಸಿತೆನ್ನಬೇಕು.

ಆತ ಓದಿದ್ದು ಕ್ರಿಸ್ಪಸ್ ಅಟಕ್ಸ್ ಶಾಲೆಯಲ್ಲಿ. ಕಪ್ಪು ಮಕ್ಕಳನ್ನು ಬಿಳಿಯರ ಶಾಲೆಗಳಿಂದ ದೂರವಿಡಲೆಂದೇ 1927ರಲ್ಲಿ ತೆರೆದ ಶಾಲೆ ಅದು. ಅದರ ಆಟದ ಮನೆ ತೀರ ಚಿಕ್ಕದು; ಪಂದ್ಯಗಳನ್ನು ಬೇರೆ ಕಡೆಯಲ್ಲಿಯೇ ಆಡಬೇಕಾಗಿತ್ತು. ಇಂಡಿಯಾನಾದಲ್ಲಿ ಶಾಲಾ ಬ್ಯಾಸ್ಕೆಟ್‌ಬಾಲ್ ಎಂದರೆ ಊರೂರಿನ ಹಬ್ಬ. ಅಂಥ ರಾಜ್ಯದಲ್ಲಿ 1955ರಲ್ಲಿ ಅಟಕ್ಸ್ ಶಾಲೆ ಪ್ರಶಸ್ತಿ ಗೆದ್ದಿತು. ಕಪ್ಪು ವಿದ್ಯಾರ್ಥಿಗಳೇ ತುಂಬಿದ್ದ ಶಾಲೆಯೊಂದು ಅಮೆರಿಕದಲ್ಲಿ ಹೀಗೆ ಇಡೀ ರಾಜ್ಯದ ಮುಕ್ತ ಪಂದ್ಯಾವಳಿಯನ್ನು ಗೆದ್ದದ್ದು ಅದೇ ಮೊದಲು. ಗೆದ್ದ ತಂಡವನ್ನು ನಗರದ ನಡುವಣ ಸ್ಮಾರಕ ವೃತ್ತದಲ್ಲಿ ಸನ್ಮಾನಿಸುವುದು ವಾಡಿಕೆ. ಈ ಸಲ ಮೆರವಣಿಗೆ ವೃತ್ತವನ್ನೊಮ್ಮೆ ಸುತ್ತಿ, ಅಲ್ಲಿ ನಿಲ್ಲದೆ, ಕಪ್ಪು ಜನರ ಬಡಾವಣೆಯ ಉದ್ಯಾನಕ್ಕೆ ಸಾಗಿತು. ಉತ್ಸವ ಅಲ್ಲಿ ನಡೆಯಿತು. ಮರುವರ್ಷ ಅದೇ ತಂಡ ಒಂದು ಪಂದ್ಯವನ್ನೂ ಸೋಲದೆ ಪ್ರಶಸ್ತಿಯನ್ನು ಉಳಿಸಿಕೊಂಡಿತು. ಗೆಲ್ಲುವುದು ಬೇರೆ, ಗೆಲುವಿನ ಮಾನ ಪಡೆಯುವುದು ಬೇರೆ ಎಂಬುದು ಹದಿನಾರು ವರ್ಷದ ಹುಡುಗನಿಗೆ ಆಗಲೇ ತಿಳಿದಿತ್ತು.

ಮುಂದೆ ಸಿನ್‌ಸಿನಾಟಿ ವಿಶ್ವವಿದ್ಯಾನಿಲಯ. ಅಲ್ಲಿ ಆತ ತಂಡಕ್ಕೆ ಆಡಿದ್ದು ಮೂರು ವರ್ಷ. ಮೂರು ವರ್ಷವೂ ದೇಶದ ಕಾಲೇಜುಗಳಲ್ಲೆಲ್ಲ ಅತಿ ಹೆಚ್ಚು ಅಂಕ ಗಳಿಸಿದವನು ಆತನೇ. ಸರಾಸರಿ ಪಂದ್ಯಕ್ಕೆ 33.8. ಮೂರು ವರ್ಷವೂ ವರ್ಷದ ಶ್ರೇಷ್ಠ ಕಾಲೇಜು ಆಟಗಾರನೆಂಬ ಗೌರವವೂ ಆತನದೇ. ತಂಡ 79 ಪಂದ್ಯ ಗೆದ್ದು ಸೋತದ್ದು ಒಂಬತ್ತರಲ್ಲಿ ಮಾತ್ರ. ಆದರೂ ರಾಷ್ಟ್ರೀಯ ಪ್ರಶಸ್ತಿ ಕೈಗೆ ಸಿಗಲಿಲ್ಲ: 1959, 1960 ಎರಡೂ ವರ್ಷ ಕ್ಯಾಲಿಫೋರ್ನಿಯಾ ತಂಡ ಉಪಾಂತ್ಯದಲ್ಲಿ ದಾರಿ ಕಟ್ಟಿತು. ಆತ ಕಾಲೇಜು ಬಿಟ್ಟ ಮರುವರ್ಷವೇ ಸಿನ್‌ಸಿನಾಟಿ ಪ್ರಶಸ್ತಿ ಗೆದ್ದುಕೊಂಡಿತೆಂಬುದು ವಿಧಿಯ ಚೇಷ್ಟೆ.

ಕೀರ್ತಿಯ ಜೊತೆಗೆ ಅವಮಾನವೂ ನಡೆದುಬರುತ್ತಿತ್ತು. ಹ್ಯೂಸ್ಟನ್ ನಗರಕ್ಕೆ ಪಂದ್ಯಕ್ಕೆಂದು ಹೋದಾಗ ತಂಡದ ಉಳಿದವರಿಗೆ ದೊರೆತ ಹೋಟೆಲಿನಲ್ಲಿ ಆತನಿಗೆ ಕೋಣೆಯಿಲ್ಲ. ಕಪ್ಪು ವಿದ್ಯಾರ್ಥಿಗಳ ಕಾಲೇಜೊಂದರ ವಸತಿಗೃಹದಲ್ಲಿ ಒಂಟಿಯಾಗಿ ಮಲಗಿ, ಮರುದಿನ ಬಂದು ಅದೇ ತಂಡಕ್ಕಾಗಿ ಆಡಬೇಕಾಯಿತು.

1960ರಲ್ಲಿ ಎರಡು ಘಟನೆಗಳು ನಡೆದವು. ರೋಮ್ ಒಲಿಂಪಿಕ್ಸ್‌ನಲ್ಲಿ ಜೆರ್ರಿ ವೆಸ್ಟ್ ಜೊತೆಗೂಡಿ ಆತ ಅಮೆರಿಕದ ತಂಡವನ್ನು ಮುನ್ನಡೆಸಿದ. ತಂಡ ಒಂದೂ ಸೋಲಿಲ್ಲದೆ ಚಿನ್ನದ ಪದಕ ತಂದಿತು. ಅದೇ ವರ್ಷ ವೃತ್ತಿಪರ ಲೀಗ್ ಆದ ಎನ್‌ಬಿಎ ಆತನನ್ನು ಬರಮಾಡಿಕೊಂಡಿತು. ಇಲ್ಲಿ ಅಂದಿನ ಕಟ್ಟಳೆಯನ್ನು ಸ್ವಲ್ಪ ವಿವರಿಸಬೇಕು. ಕಾಲೇಜು ಮುಗಿಸಿದ ಆಟಗಾರರನ್ನು ತಂಡಗಳು ಸರದಿಯಂತೆ ಹಂಚಿಕೊಳ್ಳುತ್ತಿದ್ದವು. ತನ್ನ ಊರ ಆಸುಪಾಸಿನ ಕಾಲೇಜಿನ ಆಟಗಾರನನ್ನು ಸರದಿಗೆ ಮೊದಲೇ ತನ್ನವನನ್ನಾಗಿ ಮಾಡಿಕೊಳ್ಳುವ ಅವಕಾಶವೂ ತಂಡಕ್ಕಿತ್ತು. ಊರಿನವರು ಮೆಚ್ಚಿದ ಹುಡುಗ ಊರಿನಲ್ಲೇ ಆಡಿದರೆ ಟಿಕೆಟು ಹೆಚ್ಚು ಖರ್ಚಾಗುತ್ತದೆಂಬ ಲೆಕ್ಕಾಚಾರ. ಹೀಗೆ ರಾಬರ್ಟ್‌ಸನ್ ಸಿನ್‌ಸಿನಾಟಿ ರಾಯಲ್ಸ್ ತಂಡದ ಪಾಲಾದ. ಆಮೇಲೆ ಆ ತಂಡ ಕೊಟ್ಟ ಸಂಬಳಕ್ಕೆ ಒಪ್ಪಬೇಕು, ಇಲ್ಲವೇ ಲೀಗ್ ಬಿಡಬೇಕು. ಕರಾರಿನ ಅವಧಿ ಮುಗಿದರೂ ಬಿಡುಗಡೆಯಿಲ್ಲ. ಆಟಗಾರನ ಮೇಲಿನ ಹಕ್ಕು ತಂಡದ ಬಳಿಯೇ ಉಳಿಯುತ್ತಿತ್ತು. ತಂಡ ಮಾತ್ರ ಆತನನ್ನು ಬೇಕೆಂದಾಗ ಬೇರೆ ಊರಿಗೆ ಮಾರಬಹುದಾಗಿತ್ತು.

ಈ ಕಟ್ಟಿನೊಳಗೇ ಆತ ಆಡಿದ ಆಟ ಅದ್ಭುತವಾದದ್ದು. ಮೊದಲ ವರ್ಷವೇ ಶ್ರೇಷ್ಠ ಹೊಸಬನೆನಿಸಿದ. 1961–62ರ ಋತುವಿನಲ್ಲಿ ಆತನ ಸರಾಸರಿ ಪಂದ್ಯವೊಂದಕ್ಕೆ 30.8 ಅಂಕ, ಬುಟ್ಟಿ ತಪ್ಪಿದ ಚೆಂಡನ್ನು ಕೈವಶಮಾಡಿಕೊಂಡದ್ದು 12.5 ಬಾರಿ, ಜೊತೆಗಾರರ ಅಂಕಕ್ಕೆ ಚೆಂಡೊದಗಿಸಿದ್ದು 11.4 ಬಾರಿ. ಎತ್ತರದವನು ಚೆಂಡು ಹಿಡಿಯುತ್ತಾನೆ, ಚುರುಕಿನವನು ಚೆಂಡು ಹಂಚುತ್ತಾನೆ, ಗುರಿಕಾರ ಅಂಕ ಗಳಿಸುತ್ತಾನೆ; ಆರಡಿ ಐದಂಗುಲದ ಈತನೊಬ್ಬನೇ ಮೂವರ ಕೆಲಸವನ್ನೂ ಮಾಡಿದ. ಇಡೀ ಋತುವಿನ ಸರಾಸರಿಯಲ್ಲಿ ಮೂರನ್ನೂ ಹತ್ತಕ್ಕೆ ಮೇಲಿರಿಸುವುದು 2016–17ರಲ್ಲಿ ರಸೆಲ್ ವೆಸ್ಟ್‌ಬ್ರೂಕ್ ಸಾಧಿಸುವವರೆಗೆ ಮತ್ತಾರಿಗೂ ಆಗಲಿಲ್ಲ.

ಆಟಗಾರರ ಅಸಮಾಧಾನ ಮೊದಲು ಬಯಲಿಗೆ ಬಂದದ್ದು 1964ರ ಜನವರಿಯಲ್ಲಿ, ಬಾಸ್ಟನ್ನಿನಲ್ಲಿ. ಲೀಗಿನ ತಾರೆಗಳೆಲ್ಲ ಸೇರಿ ಆಡುವ ವಾರ್ಷಿಕ ಪಂದ್ಯ. ದೇಶವೆಲ್ಲ ದೂರದರ್ಶನದ ಮುಂದೆ ಕುಳಿತಿದೆ. ನಿವೃತ್ತಿ ವೇತನದ ಭರವಸೆ ಕೊಡದ ಹೊರತು ಅಂಗಳಕ್ಕಿಳಿಯುವುದಿಲ್ಲವೆಂದು ಆಟಗಾರರು ಉಡುಪು ಬದಲಿಸುವ ಕೋಣೆಯಲ್ಲೇ ಕುಳಿತರು. ಲೀಗಿನ ಮುಖ್ಯಸ್ಥ ವಾಲ್ಟರ್ ಕೆನಡಿ ಕೊನೆಗೆ ಮಾತು ಕೊಟ್ಟ. ಪಂದ್ಯ ತಡವಾಗಿ ಆರಂಭವಾಯಿತು. ಅಂದು ಶ್ರೇಷ್ಠ ಆಟಗಾರನೆನಿಸಿದವನು ರಾಬರ್ಟ್‌ಸನ್. ಮರುವರ್ಷ, 1965ರಲ್ಲಿ, ಆತ ಆಟಗಾರರ ಸಂಘದ ಅಧ್ಯಕ್ಷನಾದ. ಅಮೆರಿಕದಲ್ಲಿ ಇಂಥ ಸಂಘದ ನಾಯಕತ್ವ ಕಪ್ಪು ಜನಾಂಗದವನೊಬ್ಬನಿಗೆ ದೊರೆತದ್ದು ಅದೇ ಮೊದಲು.

1967ರಲ್ಲಿ ಎಬಿಎ ಎಂಬ ಪ್ರತಿಸ್ಪರ್ಧಿ ಲೀಗ್ ಹುಟ್ಟಿತು. ಕೊಳ್ಳುವವರು ಇಬ್ಬರಾದಾಗ ಆಟಗಾರರ ಬೆಲೆ ಏರಿತು. ಮಾಲೀಕರಿಗೆ ಇದು ಹಿಡಿಸಲಿಲ್ಲ. ಎರಡು ಲೀಗುಗಳನ್ನೂ ಒಂದು ಮಾಡುವ ಮಾತು ಆರಂಭವಾಯಿತು. ಹಾಗಾದರೆ ಆಟಗಾರನಿಗಿದ್ದ ಒಂದೇ ಪರ್ಯಾಯವೂ ಮುಚ್ಚಿಹೋಗುತ್ತದೆ. 1970ರ ಏಪ್ರಿಲಿನಲ್ಲಿ ಹದಿನಾಲ್ಕು ತಂಡಗಳಿಂದ ಒಬ್ಬೊಬ್ಬರಂತೆ ಹದಿನಾಲ್ಕು ಆಟಗಾರರು ಲೀಗಿನ ಮೇಲೆ ಮೊಕದ್ದಮೆ ಹೂಡಿದರು. ಮೊದಲ ಹೆಸರು ರಾಬರ್ಟ್‌ಸನ್‌ನದು. ಈ ವಿಲೀನವೂ, ಆಟಗಾರರ ಹಂಚಿಕೆಯೂ, ಕರಾರು ಮುಗಿದ ಮೇಲೂ ಹಿಡಿದಿಡುವ ಷರತ್ತೂ ಏಕಸ್ವಾಮ್ಯವನ್ನು ನಿಷೇಧಿಸುವ ಕಾಯಿದೆಗೆ ವಿರುದ್ಧವೆಂಬುದು ಅವರ ವಾದ. ವಿಲೀನಕ್ಕೆ ನ್ಯಾಯಾಲಯ ತಡೆ ಹಾಕಿತು.

ಅದೇ ವರ್ಷ ರಾಯಲ್ಸ್ ಆತನನ್ನು ಮಿಲ್ವಾಕಿ ಬಕ್ಸ್ ತಂಡಕ್ಕೆ ಕೊಟ್ಟುಬಿಟ್ಟಿತು. ಹತ್ತು ವರ್ಷ ಆಡಿದ ಊರನ್ನು ಬಿಟ್ಟ ಆತನಿಗೆ ಹೊಸ ಊರಿನಲ್ಲಿ ಲ್ಯೂ ಆಲ್ಸಿಂಡರ್, ಮುಂದೆ ಕರೀಂ ಅಬ್ದುಲ್ ಜಬ್ಬಾರ್ ಎಂದು ಪ್ರಸಿದ್ಧನಾದ ಯುವಕ, ಜೊತೆಗಾರನಾದ. 1971ರಲ್ಲಿ ಬಕ್ಸ್ ತಂಡ ಅಂತಿಮ ಸುತ್ತಿನ ನಾಲ್ಕಕ್ಕೆ ನಾಲ್ಕೂ ಪಂದ್ಯ ಗೆದ್ದು ಪ್ರಶಸ್ತಿ ಪಡೆಯಿತು. ಬಹುಕಾಲ ಕೈತಪ್ಪಿದ್ದ ಗೆಲುವು ಆತನಿಗೆ ದೊರೆತದ್ದು ಹೀಗೆ. 1974ರಲ್ಲಿ ಆತ ಆಟದಿಂದ ನಿವೃತ್ತನಾದ.

ಮೊಕದ್ದಮೆ ಮಾತ್ರ ಮುಗಿದಿರಲಿಲ್ಲ. ಅದು ಈಗ ನ್ಯಾಯಾಧೀಶ ರಾಬರ್ಟ್ ಕಾರ್ಟರ್ ಅವರ ಮುಂದಿತ್ತು. ಶಾಲೆಗಳಲ್ಲಿ ಬಣ್ಣದ ಭೇದ ಸಂವಿಧಾನಕ್ಕೆ ವಿರುದ್ಧವೆಂದು ಸಾರಿದ 1954ರ ಪ್ರಸಿದ್ಧ ತೀರ್ಪಿಗಾಗಿ ವಾದಿಸಿದ ವಕೀಲರಲ್ಲಿ ಅವರೂ ಒಬ್ಬರು. ಬಣ್ಣದ ಭೇದದಿಂದಲೇ ಹುಟ್ಟಿದ ಶಾಲೆಯಲ್ಲಿ ಓದಿದವನ ದೂರನ್ನು ಅವರು ಆಲಿಸಬೇಕಾಯಿತು. ಲೀಗ್ ಮೊಕದ್ದಮೆಯನ್ನು ವಿಚಾರಣೆಯಿಲ್ಲದೆ ವಜಾಮಾಡಿಸಲು ಯತ್ನಿಸಿದಾಗ, 1975ರಲ್ಲಿ ಅವರು ಅದಕ್ಕೆ ಒಪ್ಪಲಿಲ್ಲ. 1976ರಲ್ಲಿ ಲೀಗ್ ರಾಜಿಗೆ ಬಂತು. ನೂರಾರು ಆಟಗಾರರಿಗೆ ಪರಿಹಾರ ದೊರೆಯಿತು. ಹಿಡಿದಿಡುವ ಷರತ್ತು ಹೋಯಿತು. ಆ ಬಳಿಕವೇ ಎಬಿಎಯ ನಾಲ್ಕು ತಂಡಗಳು ಎನ್‌ಬಿಎಯನ್ನು ಸೇರಿದವು. ಸ್ವಾತಂತ್ರ್ಯ ಒಂದೇ ದಿನ ಪೂರ್ತಿಯಾಗಿ ಬರಲಿಲ್ಲ. ಸೇವೆ ಸಲ್ಲಿಸಿದ ಆಟಗಾರ ಯಾವ ತಡೆಯೂ ಇಲ್ಲದೆ ತಂಡ ಬದಲಿಸುವಂತಾಗಲು 1988ರವರೆಗೆ ಕಾಯಬೇಕಾಯಿತು.

ಈ ಹಕ್ಕಿನಿಂದ ರಾಬರ್ಟ್‌ಸನ್ ತಾನು ಬಳಸಿಕೊಂಡದ್ದು ಏನೂ ಇಲ್ಲ. ರಾಜಿಯಾಗುವಾಗ ಆತ ಆಟ ಬಿಟ್ಟು ಎರಡು ವರ್ಷವಾಗಿತ್ತು. ಆತನ ದಾಖಲೆಗಳು ಒಂದೊಂದಾಗಿ ಬೇರೆಯವರ ಪಾಲಾಗಿವೆ. ದಾಖಲೆಗಳ ಸ್ವಭಾವವೇ ಅದು. ಇಂದು ಕೋಟಿಗಟ್ಟಲೆ ಡಾಲರಿನ ಕರಾರಿಗೆ ಸಹಿಮಾಡುವ ಯುವಕನಿಗೆ ಆತನ ಅಂಕಗಳು ಗೊತ್ತಿರಲಿ, ಇಲ್ಲದಿರಲಿ, ಯಾವ ಊರಿನಲ್ಲಿ ಆಡಬೇಕೆಂದು ತಾನೇ ನಿರ್ಧರಿಸುವ ಆ ಕ್ಷಣದಲ್ಲಿ ಆತ ರಾಬರ್ಟ್‌ಸನ್‌ನ ಋಣದಲ್ಲಿದ್ದಾನೆ.