ಅಳತೆಗೋಲುಗಳ ಕಥೆ: ಬ್ಯಾಟ್ಸ್‌ಮನ್‌ನ ಸ್ಥಾನ ನಿರ್ಧರಿಸುವುದು ಹೇಗೆ?

ವಿರಾಟ್ ಕೊಹ್ಲಿ 2025ರ ಮೇ 12ರಂದು ಟೆಸ್ಟ್ ಕ್ರಿಕೆಟ್‌ಗೆ ವಿದಾಯ ಹೇಳಿದರು. 123 ಪಂದ್ಯ, 9230 ರನ್, 30 ಶತಕ, 46.85ರ ಸರಾಸರಿ. 2019ರ ಅಕ್ಟೋಬರ್‌ನಲ್ಲಿ ಪುಣೆಯಲ್ಲಿ ದಕ್ಷಿಣ ಆಫ್ರಿಕಾ ವಿರುದ್ಧ ಔಟಾಗದೆ 254 ರನ್ ಗಳಿಸಿದಾಗ ಇದೇ ಸರಾಸರಿ 55ರ ಗಡಿ ದಾಟಿತ್ತು. ಅಂದೇ ಬ್ಯಾಟ್ ಕೆಳಗಿಟ್ಟಿದ್ದರೆ ಗಾವಸ್ಕರ್ (51.12), ದ್ರಾವಿಡ್ (52.31), ತೆಂಡೂಲ್ಕರ್ (53.78) ಮೂವರಿಗಿಂತಲೂ ಮೇಲೆ ನಿಲ್ಲುತ್ತಿದ್ದರು. ಮುಂದಿನ ಐದು ವರ್ಷ ಆಡಿದ್ದೇ ತಪ್ಪಾಯಿತೆ? ಇಳಿದದ್ದು ಆಟಗಾರನ ಎತ್ತರವೋ, ಅಥವಾ ನಾವು ಹಿಡಿದಿರುವ ಗೋಲೇ ಸರಿಯಿಲ್ಲವೋ?

ಆಡಿದವರನ್ನೂ ಈಗ ಆಡುತ್ತಿರುವವರನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ಅಳೆಯುವ ಹಂಬಲ ಕ್ರಿಕೆಟ್‌ನಷ್ಟೇ ಹಳೆಯದು. ಒಂದೂವರೆ ಶತಮಾನದಲ್ಲಿ ಅದಕ್ಕಾಗಿ ಬಗೆಬಗೆಯ ಅಳತೆಗಳು ಹುಟ್ಟಿವೆ. ಪ್ರತಿಯೊಂದೂ ಹಿಂದಿನದರ ಕೊರತೆ ನೀಗಲು ಬಂದದ್ದು. ಬಂದ ಮೇಲೆ ತನ್ನದೇ ಕೊರತೆಯೊಂದನ್ನು ಬಿಟ್ಟುಹೋದದ್ದು. ಈ ಬೆಳವಣಿಗೆಯನ್ನು ಬಲ್ಲವರು ಯಾರನ್ನೂ ‘ಏಳನೆಯವರು’, ‘ಹನ್ನೊಂದನೆಯವರು’ ಎಂದು ಎಣಿಸಲು ಹೋಗುವುದಿಲ್ಲ. ಯಾವ ಪಂಕ್ತಿಯಲ್ಲಿ ಕೂರಿಸಬೇಕು ಎಂಬಷ್ಟನ್ನು ಮಾತ್ರ ಹೇಳುತ್ತಾರೆ. ಅಷ್ಟನ್ನು ಗಟ್ಟಿಯಾಗಿ ಹೇಳುವುದಕ್ಕೆ ಸಾಕಾಗುವಷ್ಟು ಸಾಮಗ್ರಿ ಈಗ ನಮ್ಮಲ್ಲಿದೆ.

ಸರಾಸರಿ ಆಳಿದ ಕಾಲ

ಮೊದಲು ಬಂದದ್ದು ಸರಾಸರಿ. ಗಳಿಸಿದ ರನ್ನುಗಳನ್ನು ಔಟಾದ ಸಲಗಳಿಂದ ಭಾಗಿಸಿದರೆ ಮುಗಿಯಿತು. ಶಾಲೆಯ ಹುಡುಗನೂ ಮಾಡಬಲ್ಲ ಲೆಕ್ಕ. ಆದರೆ ಈ ಲೆಕ್ಕ ಮೊದಲಿನಿಂದಲೂ ತಬ್ಬಿಬ್ಬು ಮಾಡುತ್ತ ಬಂದಿದೆ. ಡಬ್ಲ್ಯೂ.ಜಿ. ಗ್ರೇಸ್ ಅವರ ಟೆಸ್ಟ್ ಸರಾಸರಿ 32.29. ಇಂದಿನ ಯಾವ ತಂಡದಲ್ಲೂ ಆ ಸರಾಸರಿಗೆ ಮೂರನೇ ಕ್ರಮಾಂಕ ಸಿಗಲಾರದು. ಅದೇ ಗ್ರೇಸ್ 1871ರ ಇಂಗ್ಲಿಷ್ ಋತುವಿನಲ್ಲಿ 78.25ರ ಸರಾಸರಿಯಲ್ಲಿ 2739 ರನ್ ಪೇರಿಸಿದರು. ಆ ವರ್ಷ ಪ್ರಥಮ ದರ್ಜೆಯಲ್ಲಿ ಎಲ್ಲರೂ ಸೇರಿ ಹೊಡೆದ ಶತಕಗಳು 17. ಅದರಲ್ಲಿ 10 ಗ್ರೇಸ್ ಒಬ್ಬರವೇ. 32.29 ಎಂಬ ಸಂಖ್ಯೆ ಮುಚ್ಚಿಟ್ಟಿದ್ದನ್ನು 17ರಲ್ಲಿ 10 ಎಂಬ ಪಾಲು ಬಯಲು ಮಾಡುತ್ತದೆ: ತನ್ನ ಜೊತೆಗೆ ಆಡಿದವರಿಗಿಂತ ಆತ ಎಷ್ಟು ಮುಂದಿದ್ದ ಎಂಬುದೇ ಎತ್ತರದ ಮೊದಲ ಗುರುತು.

ಸರಾಸರಿಯ ಇನ್ನೊಂದು ತೊಡಕು ಈಚಿನದು. ಆಸ್ಟ್ರೇಲಿಯಾದ ಆಡಂ ವೋಜಸ್ 20 ಟೆಸ್ಟ್‌ಗಳಲ್ಲಿ 61.87ರ ಸರಾಸರಿ ಇಟ್ಟುಕೊಂಡು ನಿವೃತ್ತರಾದರು. ಪಟ್ಟಿಯಲ್ಲಿ ಅವರು ಗ್ರೇಮ್ ಪೊಲಾಕ್ (60.97), ಜಾರ್ಜ್ ಹೆಡ್ಲಿ (60.83), ಹರ್ಬರ್ಟ್ ಸಟ್‌ಕ್ಲಿಫ್ (60.73) ಅವರಿಗಿಂತ ಮೇಲಿದ್ದಾರೆ. ಬಿಡಿಸಿ ನೋಡಿದರೆ ಗುಟ್ಟು ರಟ್ಟಾಗುತ್ತದೆ. ವೆಸ್ಟ್ ಇಂಡೀಸ್ ವಿರುದ್ಧ ಅವರ ನಾಲ್ಕು ಇನಿಂಗ್ಸ್‌ಗಳು: ಅಜೇಯ 130, 37, ಅಜೇಯ 269, ಅಜೇಯ 106. ಒಂದೇ ಸಲ ಔಟಾಗಿ 542 ರನ್, ಹಾಗಾಗಿ ಆ ತಂಡದ ವಿರುದ್ಧ ಸರಾಸರಿಯೂ 542. ಎದುರಾಳಿ ಬೌಲಿಂಗ್ ಆಗ ಎಷ್ಟು ಸೊರಗಿತ್ತು ಎಂದು ಕೇಳುವ ಅಭ್ಯಾಸವೇ ಸರಾಸರಿಗೆ ಇಲ್ಲ.

ಬ್ರಾಡ್ಮನ್ ಮಾತ್ರ ಈ ಎಲ್ಲ ಆಕ್ಷೇಪಗಳನ್ನು ದಾಟಿ ನಿಂತವರು. 1948ರ ಆಗಸ್ಟ್ 14ರಂದು ಓವಲ್‌ನಲ್ಲಿ ಎರಿಕ್ ಹೋಲಿಸ್ ಎಸೆತಕ್ಕೆ ಸೊನ್ನೆಗೆ ಬೌಲ್ಡ್ ಆದಾಗ, ನಾಲ್ಕು ರನ್ ಕೊರತೆಯಿಂದ ನೂರರ ಸರಾಸರಿ ತಪ್ಪಿತು. 52 ಟೆಸ್ಟ್, 6996 ರನ್, 99.94. ಮುಂದೆ ಬಂದ ಎಲ್ಲ ಅಳತೆಗಳೂ ಮೊದಲು ತಮ್ಮನ್ನು ಈ ಸಂಖ್ಯೆಯ ಮೇಲೆ ಪರೀಕ್ಷಿಸಿಕೊಂಡವು. ಬ್ರಾಡ್ಮನ್‌ರನ್ನು ಎರಡನೇ ಸ್ಥಾನಕ್ಕೆ ಇಳಿಸುವ ಸೂತ್ರವನ್ನು ಯಾರೂ ನಂಬುವುದಿಲ್ಲ.

ಪಿಚ್, ನಿಯಮ, ಹೆಲ್ಮೆಟ್

ಎರಡನೆಯ ಹಂತದಲ್ಲಿ ವಿಮರ್ಶಕರು ಅಂಕಿಗಳನ್ನು ಬಿಟ್ಟು ಅಂಕಣದ ಕಡೆ ನೋಡಿದರು. ಹಿಂದೆ ಪಿಚ್‌ಗೆ ಹೊದಿಕೆ ಇರುತ್ತಿರಲಿಲ್ಲ. ಮಳೆ ಬಿದ್ದು ಬಿಸಿಲು ಕಾಯ್ದರೆ ಚೆಂಡು ಒಮ್ಮೆ ಗಂಟಲಿಗೆ, ಒಮ್ಮೆ ಕಣಕಾಲಿಗೆ. ವಿಕ್ಟರ್ ಟ್ರಂಪರ್ 1902ರಲ್ಲಿ ಮಳೆ ಹಿಡಿದಿದ್ದ ಇಂಗ್ಲೆಂಡ್ ಪ್ರವಾಸದಲ್ಲಿ 11 ಶತಕಗಳೊಂದಿಗೆ 2570 ರನ್ ಗಳಿಸಿದರು. ಅವರ ಟೆಸ್ಟ್ ಸರಾಸರಿ 39.04 ಮಾತ್ರ. ಆದರೂ ಆ ಕಾಲದ ಆಟ ಬಲ್ಲವರು ಅವರನ್ನು ದಿಗ್ಗಜರ ಸಾಲಿನಿಂದ ಎಬ್ಬಿಸಲು ಎಂದೂ ಒಪ್ಪಲಿಲ್ಲ.

1937ರ ಹೊಸ ವರ್ಷದ ಮೆಲ್ಬರ್ನ್ ಟೆಸ್ಟನ್ನು ಹತ್ತಿರದಿಂದ ನೋಡಿದರೆ ಪಿಚ್ ಎಂಬುದು ಎಷ್ಟು ದೊಡ್ಡ ಪಾತ್ರಧಾರಿ ಎಂದು ತಿಳಿಯುತ್ತದೆ. ಸರಣಿಯಲ್ಲಿ 0–2ರಿಂದ ಹಿಂದಿದ್ದ ಆಸ್ಟ್ರೇಲಿಯಾ 9 ವಿಕೆಟ್‌ಗೆ 200 ರನ್ ಮಾಡಿ ಡಿಕ್ಲೇರ್ ಮಾಡಿಕೊಂಡಿತು. ಮಳೆಗೆ ನೆಂದ ಪಿಚ್‌ನಲ್ಲಿ ಇಂಗ್ಲೆಂಡ್ 9 ವಿಕೆಟ್‌ಗೆ 76 ಆದಾಗ ತಾನೂ ಡಿಕ್ಲೇರ್ ಮಾಡಿತು, ಎದುರಾಳಿ ಅದೇ ಕೆಸರಲ್ಲಿ ಒದ್ದಾಡಲಿ ಎಂದು. ನಾಯಕ ಬ್ರಾಡ್ಮನ್ ಬ್ಯಾಟಿಂಗ್ ಕ್ರಮವನ್ನೇ ತಲೆಕೆಳಗು ಮಾಡಿದರು. ಬಾಲಂಗೋಚಿಗಳಾದ ಓ’ರೈಲಿ, ಫ್ಲೀಟ್‌ವುಡ್ ಸ್ಮಿತ್ ಅವರನ್ನು ಆರಂಭಕ್ಕೆ ಕಳಿಸಿ, ಪಿಚ್ ಒಣಗಿದ ಮೇಲೆ ತಾವು ಏಳನೆಯವರಾಗಿ ಇಳಿದು 270 ಹೊಡೆದರು. ಫಿಂಗಲ್‌ಟನ್ ಜೊತೆ ಆರನೇ ವಿಕೆಟ್‌ಗೆ 346. ಆಸ್ಟ್ರೇಲಿಯಾ ಸರಣಿಯನ್ನೇ 3–2ರಿಂದ ಗೆದ್ದಿತು. ಇದರಲ್ಲಿ ಬ್ಯಾಟಿಂಗ್ ಎಷ್ಟು, ಬುದ್ಧಿ ಎಷ್ಟು? ಸ್ಕೋರ್ ಪುಸ್ತಕದಲ್ಲಿ ಎರಡಕ್ಕೂ ಒಂದೇ ಕಾಲಂ.

ನಿಯಮಗಳೂ ಬದಲಾದವು. 1930ರ ದಶಕದ ಮಧ್ಯದವರೆಗೆ ಆಫ್ ಸ್ಟಂಪ್‌ನಿಂದ ಹೊರಗೆ ಬಿದ್ದ ಚೆಂಡಿಗೆ ಎಲ್‌ಬಿಡಬ್ಲ್ಯೂ ಕೊಡುವಂತಿರಲಿಲ್ಲ. 1978ರಲ್ಲಿ ಬ್ರಿಜ್‌ಟೌನ್‌ನಲ್ಲಿ ಗ್ರಹಾಂ ಯಾಲಪ್ ಹೆಲ್ಮೆಟ್ ತೊಟ್ಟು ಟೆಸ್ಟ್ ಆಡಿದ ಮೊದಲಿಗರಾದರು. ವಿವಿಯನ್ ರಿಚರ್ಡ್ಸ್ ಕಡೆಯವರೆಗೂ ತೊಡಲೇ ಇಲ್ಲ. ಬೌನ್ಸರ್‌ಗೆ ಮಿತಿ ಬಂದದ್ದು 1990ರ ದಶಕದಲ್ಲಿ. ಹಾಗೆಂದು ಎಲ್ಲ ಬದಲಾವಣೆಯೂ ಬ್ಯಾಟ್ಸ್‌ಮನ್‌ಗೆ ಅನುಕೂಲವಾಗಲಿಲ್ಲ. ಮುಂಗಾಲು ಚಾಚಿ ಪ್ಯಾಡ್‌ನಿಂದ ಸ್ಪಿನ್ ತಡೆಯುತ್ತಿದ್ದವರಿಗೆ ಡಿಆರ್‌ಎಸ್ ಬಾಗಿಲು ಮುಚ್ಚಿತು. ‘ಆಗ ಕಷ್ಟ, ಈಗ ಸುಲಭ’ ಎಂಬ ಮಾತು ಅರ್ಧ ಸತ್ಯ ಮಾತ್ರ.

ಕಂಪ್ಯೂಟರ್ ಅಂಗಳಕ್ಕಿಳಿದಾಗ

1987 ಈ ಕಥೆಯ ತಿರುವು. ಇಂಗ್ಲೆಂಡಿನ ಮಾಜಿ ನಾಯಕ ಟೆಡ್ ಡೆಕ್ಸ್‌ಟರ್, ರಾಬ್ ಈಸ್ಟವೇ ಮತ್ತು ಗಾರ್ಡನ್ ವಿನ್ಸ್ ಎಂಬ ಇಬ್ಬರು ಲೆಕ್ಕಿಗರೊಂದಿಗೆ ಸೇರಿ ಕಂಪ್ಯೂಟರ್ ಶ್ರೇಯಾಂಕ ಶುರು ಮಾಡಿದರು. ಇಂದಿನ ಐಸಿಸಿ ಶ್ರೇಯಾಂಕದ ಮೂಲ ಇದೇ.

ಅಂಥದ್ದೊಂದು ಅಳತೆ ಏಕೆ ಬೇಕಿತ್ತು ಎಂಬುದಕ್ಕೆ ಅದೇ ವರ್ಷದ ಮಾರ್ಚ್‌ನಲ್ಲಿ ಬೆಂಗಳೂರೇ ಸಾಕ್ಷಿಯಾಯಿತು. ಚಿನ್ನಸ್ವಾಮಿ ಕ್ರೀಡಾಂಗಣದ ಪಿಚ್ ಮೊದಲ ದಿನದಿಂದಲೇ ತಿರುಗುತ್ತಿತ್ತು. ಮಣಿಂದರ್ ಸಿಂಗ್ 27 ರನ್‌ಗೆ 7 ವಿಕೆಟ್ ಕಿತ್ತು ಪಾಕಿಸ್ತಾನವನ್ನು 116ಕ್ಕೆ ಕಟ್ಟಿಹಾಕಿದ್ದರು. ಕೊನೆಗೆ ಭಾರತಕ್ಕೆ 221 ರನ್ ಬೇಕಾಯಿತು. ಒಂದು ಬದಿಯಲ್ಲಿ ಇಕ್ಬಾಲ್ ಖಾಸಿಂ, ಇನ್ನೊಂದು ಬದಿಯಲ್ಲಿ ತೌಸೀಫ್ ಅಹ್ಮದ್. ಸುನಿಲ್ ಗಾವಸ್ಕರ್ ತಮ್ಮ ಕೊನೆಯ ಟೆಸ್ಟ್ ಇನಿಂಗ್ಸ್‌ನಲ್ಲಿ 96 ಗಳಿಸಿದರು. ಅವರ ನಂತರದ ದೊಡ್ಡ ಮೊತ್ತ ಅಜರುದ್ದೀನ್ ಅವರ 26. ತಂಡ 204ಕ್ಕೆ ಆಲೌಟ್, 16 ರನ್ ಸೋಲು. ಸರಾಸರಿಯ ಪುಸ್ತಕಕ್ಕೆ ಈ 96 ಮತ್ತು ಹೆದ್ದಾರಿಯಂಥ ಪಿಚ್‌ನಲ್ಲಿ ಡ್ರಾ ಪಂದ್ಯದಲ್ಲಿ ಬಂದ 96 ಎರಡೂ ಒಂದೇ.

ಹೊಸ ಸೂತ್ರ ಈ ಭೇದವನ್ನು ಗುರುತಿಸಿತು. ಎದುರಾಳಿ ಬೌಲರ್‌ಗಳ ಮಟ್ಟ, ಆ ಪಂದ್ಯದಲ್ಲಿ ಉಳಿದವರು ಎಷ್ಟು ರನ್ ಮಾಡಿದರು, ತಂಡ ಗೆದ್ದಿತೇ ಎಂಬುದನ್ನೆಲ್ಲ ನೋಡಿ ಪ್ರತಿ ಇನಿಂಗ್ಸ್‌ಗೆ ಅಂಕ ಕೊಟ್ಟಿತು. ಈಚಿನ ಆಟಕ್ಕೆ ಹೆಚ್ಚು ತೂಕ, ಹಳೆಯದಕ್ಕೆ ಕಡಿಮೆ. ಹಿಂದಿನ ಟೆಸ್ಟ್‌ಗಳಿಗೂ ಇದನ್ನು ಅನ್ವಯಿಸಿದಾಗ ಗರಿಷ್ಠ ಅಂಕ ಬ್ರಾಡ್ಮನ್‌ಗೆ: ಸಾವಿರಕ್ಕೆ 961. ನಂತರ ಸ್ಟೀವ್ ಸ್ಮಿತ್ 947. ಭಾರತೀಯರಲ್ಲಿ ಕೊಹ್ಲಿ 937, ಗಾವಸ್ಕರ್ 916, ತೆಂಡೂಲ್ಕರ್ 898, ದ್ರಾವಿಡ್ 892.

ಇಲ್ಲೇ ಈ ಗೋಲಿನ ಕೊರತೆಯೂ ಕಾಣುತ್ತದೆ. ಇದು ಅಳೆಯುವುದು ಶಿಖರವನ್ನು, ಪರ್ವತದ ಹರವನ್ನಲ್ಲ. 200 ಟೆಸ್ಟ್‌ಗಳಲ್ಲಿ 15921 ರನ್ ಗಳಿಸಿದ ತೆಂಡೂಲ್ಕರ್ ಅವರ ದೀರ್ಘ ದುಡಿಮೆಗೆ ಅದರಲ್ಲಿ ಜಾಗವಿಲ್ಲ.

ಆಸ್ಟ್ರೇಲಿಯಾದ ಚಾರ್ಲ್ಸ್ ಡೇವಿಸ್ ಬೇರೆ ದಾರಿ ಹಿಡಿದರು. ಒಂದು ಆಟದ ಉತ್ತಮರ ಗುಂಪಿನ ನಡುಮಟ್ಟದಿಂದ ಒಬ್ಬ ಎಷ್ಟು ದೂರ ಚಿಮ್ಮಿದ್ದಾನೆ ಎಂಬುದನ್ನು ಸಂಖ್ಯಾಶಾಸ್ತ್ರದ ಮಾನಕ ವಿಚಲನೆಯಲ್ಲಿ ಲೆಕ್ಕ ಹಾಕಿದರು. ಬ್ರಾಡ್ಮನ್‌ಗೆ 4.4 ಬಂತು, ಫುಟ್‌ಬಾಲ್‌ನ ಪೆಲೆಗೆ 3.7. ಬೇರೆ ಬೇರೆ ಆಟಗಳನ್ನೂ ಹೋಲಿಸಬಲ್ಲ ಲೆಕ್ಕ ಇದು. ಆದರೆ ಜೀವವಿಜ್ಞಾನಿ ಸ್ಟೀಫನ್ ಜೇ ಗೂಲ್ಡ್ 1996ರಲ್ಲಿ ಬೇಸ್‌ಬಾಲ್ ಬಗ್ಗೆ ಎತ್ತಿದ ವಾದವನ್ನು ಇದರ ಪಕ್ಕದಲ್ಲಿಟ್ಟು ಓದಬೇಕು. ಟೆಡ್ ವಿಲಿಯಮ್ಸ್ 1941ರಲ್ಲಿ ಮಾಡಿದ .406ರಂಥ ಸಾಧನೆ ಮತ್ತೆ ಬಾರದಿರುವುದಕ್ಕೆ ಆಟಗಾರರು ಕುಸಿದದ್ದು ಕಾರಣವಲ್ಲ, ಎಲ್ಲರೂ ಒಟ್ಟಾಗಿ ಮೇಲೇರಿದ್ದು ಕಾರಣ ಎಂದರು ಗೂಲ್ಡ್. ಕೆಳಗಿನವರು ಮೇಲೆ ಬಂದಷ್ಟೂ ತುದಿಯವನಿಗೂ ಅವರಿಗೂ ಇರುವ ಅಂತರ ಕಿರಿದಾಗುತ್ತದೆ. ಇನ್ನೊಬ್ಬ ಬ್ರಾಡ್ಮನ್ ಏಕೆ ಬರಲಿಲ್ಲ ಎಂಬ ಪ್ರಶ್ನೆಗೆ ಇಷ್ಟು ಒಪ್ಪುವ ಉತ್ತರ ಬೇರೆ ಸಿಕ್ಕಿಲ್ಲ.

ಒಂದು ಇನಿಂಗ್ಸ್‌ನ ತೂಕ

2001ರಲ್ಲಿ ಪ್ರಕಟವಾದ ವಿಸ್ಡನ್ 100 ಪಟ್ಟಿ ಜೀವಮಾನದ ಬದಲು ಒಂದೊಂದು ಇನಿಂಗ್ಸ್ ಹಿಡಿದು ತೂಗಿತು. ಮೊದಲ ಸ್ಥಾನ ಮೆಲ್ಬರ್ನ್‌ನ 270ಕ್ಕೆ, ಎರಡನೆಯದು 1999ರಲ್ಲಿ ಬ್ರಿಜ್‌ಟೌನ್‌ನಲ್ಲಿ ಲಾರಾ ಗಳಿಸಿದ ಅಜೇಯ 153ಕ್ಕೆ, ಆರನೆಯದು ಈಡನ್ ಗಾರ್ಡನ್ಸ್‌ನಲ್ಲಿ ಲಕ್ಷ್ಮಣ್ ಆಡಿದ 281ಕ್ಕೆ. ತೆಂಡೂಲ್ಕರ್ ಅವರ ಒಂದು ಇನಿಂಗ್ಸೂ ನೂರರೊಳಗೆ ಇಲ್ಲದ್ದು ಭಾರತದಲ್ಲಿ ಗದ್ದಲವೆಬ್ಬಿಸಿತು. ಆ ಗದ್ದಲದಲ್ಲಿ ಕನ್ನಡಿಗರು ಹೆಮ್ಮೆಪಡಬಹುದಾದ ಸಂಗತಿಯೊಂದು ಮರೆಯಾಯಿತು: 1975ರ ಜನವರಿಯಲ್ಲಿ ಮದರಾಸಿನಲ್ಲಿ ಆ್ಯಂಡಿ ರಾಬರ್ಟ್ಸ್ 64ಕ್ಕೆ 7 ವಿಕೆಟ್ ಪಡೆದ ದಿನ, ತಂಡದ 190ರಲ್ಲಿ ಗುಂಡಪ್ಪ ವಿಶ್ವನಾಥ್ ಗಳಿಸಿದ ಅಜೇಯ 97 ಅದರಲ್ಲಿ 38ನೇ ಸ್ಥಾನ ಪಡೆದಿತ್ತು.

ವಿಶ್ವನಾಥ್ ಅವರ ಸರಾಸರಿ 41.93. ಆದರೆ ಅವರು ಶತಕ ಹೊಡೆದ 14 ಟೆಸ್ಟ್‌ಗಳಲ್ಲಿ ಒಂದನ್ನೂ ಭಾರತ ಸೋಲಲಿಲ್ಲ. ಮತ್ತೊಂದು ತುದಿಯಲ್ಲಿ ನಮ್ಮವರೇ ಆದ ಕರುಣ್ ನಾಯರ್ ಇದ್ದಾರೆ. 2016ರಲ್ಲಿ ಚೆನ್ನೈನಲ್ಲಿ ಅಜೇಯ 303 ಗಳಿಸಿದವರು ಮುಂದೆ ತಂಡದಲ್ಲಿ ನೆಲೆ ಕಂಡುಕೊಳ್ಳಲು ಪರದಾಡಿದರು. ಒಂದು ಇನಿಂಗ್ಸ್ ಆಟಗಾರನ ಸಾಮರ್ಥ್ಯದ ಎಲ್ಲೆ ತೋರಿಸೀತು, ಸ್ಥಾನ ಹೇಳದು.

ಚೆಂಡಿನಿಂದ ಚೆಂಡಿಗೆ

ಕಳೆದ ಕಾಲು ಶತಮಾನದಲ್ಲಿ ಪ್ರತಿ ಎಸೆತವೂ ದಾಖಲಾಗುತ್ತಿದೆ. ಎಲ್ಲಿ ಬಿತ್ತು, ಎಷ್ಟು ತಿರುಗಿತು, ಬ್ಯಾಟ್ಸ್‌ಮನ್ ಹಿಡಿತದಲ್ಲಿದ್ದನೇ, ಎಡವಿದನೇ ಎಂಬುದೆಲ್ಲ ಲೆಕ್ಕಕ್ಕೆ ಸಿಗುತ್ತದೆ. ದ್ರಾವಿಡ್ ತಮ್ಮ ಟೆಸ್ಟ್ ಬದುಕಿನಲ್ಲಿ ಎದುರಿಸಿದ 31,258 ಎಸೆತ ವಿಶ್ವದಾಖಲೆ ಎಂದು ಗೊತ್ತಾದದ್ದೂ ಇಂಥ ದಾಖಲೆಗಳಿಂದಲೇ. ಲೀಡ್ಸ್‌ನಲ್ಲಿ 2002ರಲ್ಲಿ ಮೋಡ ಕವಿದ ಬೆಳಗ್ಗೆ ಅವರು 148 ಗಳಿಸಿ ಇನಿಂಗ್ಸ್ ಗೆಲುವಿಗೆ ತಳಪಾಯ ಹಾಕಿದ್ದು ಏಕೆ ದೊಡ್ಡದು ಎಂಬುದು ರನ್ನಿಗಿಂತ ಆ ಎಸೆತಗಳ ಎಣಿಕೆಯಲ್ಲಿ ಚೆನ್ನಾಗಿ ಕಾಣುತ್ತದೆ.

ಈ ವಿವರ ಅದೃಷ್ಟದ ಪಾಲನ್ನೂ ಎತ್ತಿ ತೋರಿಸುತ್ತದೆ. ಕೊಹ್ಲಿ 2014ರಲ್ಲಿ ಇಂಗ್ಲೆಂಡಿನಲ್ಲಿ ಹತ್ತು ಇನಿಂಗ್ಸ್‌ಗಳಿಂದ 134 ರನ್ ಮಾಡಿದರು, 2018ರಲ್ಲಿ ಹತ್ತು ಇನಿಂಗ್ಸ್‌ಗಳಿಂದ 593. ಮೊದಲ ಪ್ರವಾಸದಲ್ಲಿ ನಾಲ್ಕು ಸಲ ಅವರನ್ನು ಕೆಡವಿದ್ದ ಆ್ಯಂಡರ್ಸನ್‌ಗೆ ಎರಡನೆಯದರಲ್ಲಿ ಒಮ್ಮೆಯೂ ವಿಕೆಟ್ ಸಿಗಲಿಲ್ಲ. ಕ್ರೀಸಿನಿಂದ ಮುಂದೆ ನಿಂತದ್ದು, ಆಫ್ ಸ್ಟಂಪ್‌ನಾಚೆಯ ಚೆಂಡು ಬಿಟ್ಟದ್ದು ನಿಜವಾದ ಕಲಿಕೆ. ಅದರ ಜೊತೆಗೆ ಎಡ್ಜ್‌ಬಾಸ್ಟನ್‌ನಲ್ಲಿ 21 ರನ್ ಆಗಿದ್ದಾಗ ಮಲಾನ್ ಸ್ಲಿಪ್‌ನಲ್ಲಿ ಕ್ಯಾಚ್ ಬಿಟ್ಟದ್ದೂ ನಿಜ. ಆ ಇನಿಂಗ್ಸ್ 149ಕ್ಕೆ ಬೆಳೆಯಿತು. ಒಂದು ಸರಣಿಯಲ್ಲಿ ಅದೃಷ್ಟ ಸಂಖ್ಯೆಯನ್ನು ಹಿಗ್ಗಿಸಬಹುದು. ನೂರು ಟೆಸ್ಟ್‌ಗಳಲ್ಲಿ ಅದು ಸಮವಾಗುತ್ತದೆ. ಹಾಗಾಗಿ ಈ ಹೊಸ ಸಾಧನ ಜೀವಮಾನದ ತೀರ್ಪಿಗಿಂತ ತಂತ್ರದ ವಿಮರ್ಶೆಗೆ ಹೆಚ್ಚು ಉಪಯುಕ್ತ. ಬ್ರಾಡ್ಮನ್ ಕಾಲದ ಚೆಂಡುಗಳಿಗೆ ಇಂಥ ದಾಖಲೆ ಇಲ್ಲದ್ದರಿಂದ ಹೋಲಿಕೆಗೂ ಅದು ಒದಗದು.

ಹಾಗಾದರೆ ಯಾರು, ಯಾವ ಪಂಕ್ತಿ?

2014ರಲ್ಲಿ ಮಾರ್ಟಿನ್ ಕ್ರೋ ಕೊಹ್ಲಿ, ಸ್ಮಿತ್, ರೂಟ್, ವಿಲಿಯಮ್ಸನ್ ನಾಲ್ವರನ್ನು ಮುಂದಿನ ದಿಗ್ಗಜರೆಂದು ಗುರುತಿಸಿದರು. ಎಲ್ಲ ಗೋಲುಗಳನ್ನೂ ಒಟ್ಟಿಗಿಟ್ಟರೆ ಹೀಗೆ ಹೇಳಬಹುದು. ಮೊದಲ ಪಂಕ್ತಿಯಲ್ಲಿ ಬ್ರಾಡ್ಮನ್ ಒಬ್ಬರೇ. ಎರಡನೆಯದರಲ್ಲಿ ಹಾಬ್ಸ್, ಹಟನ್, ಸೋಬರ್ಸ್, ರಿಚರ್ಡ್ಸ್, ಗಾವಸ್ಕರ್, ತೆಂಡೂಲ್ಕರ್, ಲಾರಾ. ಸ್ಮಿತ್ ಅಲ್ಲಿಗೆ ಸೇರುತ್ತಾರೆ. 2019ರ ಆ್ಯಷಸ್‌ನಲ್ಲಿ ಏಳು ಇನಿಂಗ್ಸ್‌ಗಳಿಂದ ಗಳಿಸಿದ 774 ರನ್, ಶಿಖರ ಮತ್ತು ಸರಾಸರಿ ಎರಡೂ ಅವರ ಪರ ನಿಲ್ಲುತ್ತವೆ. 2025ರ ಜುಲೈನಲ್ಲಿ ಪಾಂಟಿಂಗ್ ಅವರ 13378 ರನ್ ದಾಟಿದ ರೂಟ್ ಹರವಿನ ಬಲದಿಂದ ಅದೇ ಪಂಕ್ತಿಯ ಅಂಚಿನಲ್ಲಿದ್ದಾರೆ. ಕೊಹ್ಲಿಯ ಟೆಸ್ಟ್ ಶಿಖರ ಆ ಪಂಕ್ತಿಯದೇ, ಹರವು ಮಾತ್ರ ಅದರ ನಂತರದ್ದು. ಏಕದಿನ ಕ್ರಿಕೆಟ್‌ನಲ್ಲಿ ಈ ಅಳುಕಿನ ಮಾತೇ ಬೇಡ. 2023ರ ನವೆಂಬರ್ 15ರಂದು ವಾಂಖೆಡೆಯಲ್ಲಿ 50ನೇ ಶತಕ, ಬೆನ್ನಟ್ಟುವಾಗ 60ಕ್ಕೂ ಮೇಲಿನ ಸರಾಸರಿ. ಅಲ್ಲಿ ರಿಚರ್ಡ್ಸ್, ತೆಂಡೂಲ್ಕರ್ ಜೊತೆ ಅವರು ಮೊದಲ ಪಂಕ್ತಿಯವರು.

ಮುಂದಿನ ತೊಡಕು ಟಿ20. 2016ರ ಐಪಿಎಲ್‌ನಲ್ಲಿ ಆರ್‌ಸಿಬಿ ಪರ ನಾಲ್ಕು ಶತಕಗಳೊಂದಿಗೆ 973 ರನ್ ಗಳಿಸಿದ ಕೊಹ್ಲಿಯ ಬಗ್ಗೆಯೇ ಮುಂದೆ ಸ್ಟ್ರೈಕ್‌ ರೇಟ್ ವಿವಾದ ಹುಟ್ಟಿತು. 120 ಎಸೆತಗಳ ಆಟದಲ್ಲಿ ಔಟಾಗದೆ ಉಳಿಯುವುದಕ್ಕೆ ಬೆಲೆ ಕಡಿಮೆ, ವ್ಯರ್ಥವಾದ ಎಸೆತಕ್ಕೆ ದಂಡ ಹೆಚ್ಚು. ಗ್ರೇಸ್‌ನಿಂದ ಈವರೆಗೆ ಕಟ್ಟಿಕೊಂಡು ಬಂದ ಸರಾಸರಿಯ ಕಟ್ಟಡಕ್ಕೆ ಅಲ್ಲಿ ತಳವೇ ಇಲ್ಲ. ಇಪ್ಪತ್ತು ಟೆಸ್ಟ್‌ಗಳನ್ನೂ ಆಡದೆ ಕ್ರಿಕೆಟ್‌ನ ದೊಡ್ಡ ಹೆಸರಾಗುವವರು ಬರಲಿದ್ದಾರೆ. ಅವರ ಹೆಸರನ್ನು ತೆಂಡೂಲ್ಕರ್ ಪಕ್ಕದಲ್ಲಿ ಬರೆಯಹೊರಟವರು ಯಾವ ಆಟದಲ್ಲಿ, ಯಾರ ಎದುರು, ಯಾವ ಗೋಲಿನಿಂದ ಅಳೆದದ್ದು ಎಂದು ಮೊದಲು ಹೇಳಲಿ. ಅದನ್ನು ಹೇಳದ ಪಟ್ಟಿಗೆ ಅಭಿಮಾನಿಯ ಜೈಕಾರಕ್ಕಿಂತ ಹೆಚ್ಚಿನ ಬೆಲೆ ಕೊಡಬೇಕಿಲ್ಲ.