ಕೃಷ್ಣಾತೀರದಲ್ಲಿ ಎರಡು ನುಡಿಗಳು

ರಾಯಬಾಗ ತಾಲೂಕಿನ ದಿಗ್ಗೇವಾಡಿಯು ಕೃಷ್ಣಾನದಿಯ ತೀರದಲ್ಲಿರುವದು. ಈ ಸೀಮೆಯಲ್ಲಿ ಎರಡನೆಯ ಭಾಷೆಯ ಕಲಿಕೆಯು ವಿದ್ವಾಂಸರ ವಿಲಾಸವಾಗಿರದೆ ಬಾಳುವೆಯ ಅಂಗವೇ ಆಗಿ ಬಂದಿದೆ. ಮೀರಜ-ನಿಪ್ಪಾಣಿಗಳ ಪೇಟೆ, ಪಂಢರಪುರದ ವಾರಿ, ಆಚೆಯ ಊರುಗಳೊಡನೆ ಬೆಳೆದ ಬೀಗತನ, ಇವುಗಳಿಂದ ಕನ್ನಡಿಗನ ಕಿವಿಗೆ ಮರಾಠಿಯು ತಾನಾಗಿಯೇ ಬೀಳುತ್ತಿತ್ತು. ಚಿಂಚಲಿಯ ಮಾಯಕ್ಕನ ಜಾತ್ರೆಗೆ ಬಂದ ಮರಾಠಿಗನಿಗೆ ಕನ್ನಡವೂ ಹಾಗೆಯೇ. ನಮ್ಮ ತುಪ್ಪವು ಅವರಲ್ಲಿ ‘ತೂಪ’ವಾಯಿತು, ಅವರ ‘ಅಡಚಣ’ವು ನಮ್ಮಲ್ಲಿ ‘ಅಡಚಣಿ’ಯಾಗಿ ನೆಲೆಸಿತು. ಈ ಕೊಳುಕೊಡೆಯಿಂದ ಯಾರಿಗೂ ಹಾನಿಯಾಗಲಿಲ್ಲ.

ಹಾನಿಯಾದುದು ಅಕ್ಷರದ ವಿಷಯದಲ್ಲಿ. ಪೇಶವೆಯರ ಆಳಿಕೆಯಲ್ಲಿ ದಫ್ತರವೆಲ್ಲವೂ ಮರಾಠಿಯಲ್ಲಿ, ಅದೂ ಮೋಡಿಲಿಪಿಯಲ್ಲಿ ಇರುತ್ತಿತ್ತು. 1818ರಲ್ಲಿ ಆ ರಾಜ್ಯವು ಇಂಗ್ಲಿಷರ ವಶವಾದ ಮೇಲೆಯೂ ಮುಂಬಯಿ ಸರಕಾರವು ಕನ್ನಡ ನಾಡಿನಲ್ಲಿ ಮೊದಲು ತೆರೆದುದು ಮರಾಠಿ ಶಾಲೆಗಳನ್ನೇ. ಮನೆಯಲ್ಲಿ ‘ನೀರು’ ಬೇಡುವ ಹುಡುಗನು ಶಾಲೆಯಲ್ಲಿ ‘ಪಾಣಿ’ ಎಂದು ಬರೆಯಬೇಕು. ಪಾಠಶಾಲೆಯ ವಟುವೂ ಅಮರಕೋಶವನ್ನು ಅರ್ಥವರಿಯದೆಯೇ ಬಾಯಿಪಾಠ ಮಾಡುವನಲ್ಲವೇ ಎಂದು ಕೇಳಬಹುದು. ನಿಜ, ಆದರೆ ಅವನ ಗುರುವು ಮುಂದೆ ಅದರ ಅರ್ಥವನ್ನು ಬಿಡಿಸುವದು ವಟುವಿನ ತಾಯ್ನುಡಿಯಲ್ಲಿಯೇ. ಇಲ್ಲಿಯ ಬಾಲಕನಿಗೆ ಆ ಆಸರೆಯೂ ಇರಲಿಲ್ಲ. ಪೇಟೆಯಲ್ಲಿ ಸರಾಗವಾಗಿ ಮರಾಠಿಯಾಡುವ ರೈತನು ತನ್ನ ಹೊಲದ ಕಾಗದವನ್ನು ಇನ್ನೊಬ್ಬರಿಂದ ಓದಿಸಿಕೊಳ್ಳಬೇಕಾಗಿತ್ತು. ಕಿವಿಯಿಂದ ಬಂದ ಭಾಷೆಯು ಕಣ್ಣಿಗೆ ಏರಿರಲಿಲ್ಲ.

ಧಾರವಾಡದಲ್ಲಿ ಅಧಿಕಾರಿಯಾಗಿದ್ದ ವಾಲ್ಟರ್ ಎಲಿಯಟ್ಟನು ಸ್ವಂತ ವೆಚ್ಚದಿಂದ ಕನ್ನಡ ಶಾಲೆಯೊಂದನ್ನು ನಡೆಯಿಸಿದನು. ಆದರೆ ಬೆಳಗಾವಿ ಜಿಲ್ಲೆಯಲ್ಲಿ ಶಾಲೆಗಳನ್ನು ಕನ್ನಡಕ್ಕೆ ತಿರುಗಿಸಿದ ಕೀರ್ತಿಯು ಡೆಪ್ಯುಟಿ ಚೆನ್ನಬಸಪ್ಪನವರದು. ಇವರು ಮರಾಠಿಯನ್ನರಿಯದೆ ಅದನ್ನು ಹಳಿದವರಲ್ಲ. ಪುಣೆಯಲ್ಲಿ ಓದಿದವರು, ಇಂಗ್ಲಿಷನ್ನು ಬಲ್ಲವರಾಗಿ ಶೇಕ್ಸಪಿಯರನ ನಾಟಕವನ್ನು ಕನ್ನಡಕ್ಕೆ ತಂದವರು. ಪರಭಾಷೆಯ ಸವಿಯನ್ನು ಉಂಡವರೇ ಮೊದಲ ಅಕ್ಷರವು ಮನೆಮಾತಿನದಾಗಿರಲೆಂದು ಹಟ ಹಿಡಿದುದು ಗಮನಿಸತಕ್ಕ ಸಂಗತಿ. 1881ರಲ್ಲಿ ಅವರು ತೀರಿಕೊಳ್ಳುವ ಹೊತ್ತಿಗೆ ಜಿಲ್ಲೆಯಲ್ಲಿ ಕನ್ನಡ ಶಾಲೆಗಳು ಬೇರೂರಿದ್ದವು.

ರಾಯಬಾಗದ ಕಥೆ ಮಾತ್ರ ಬೇರೆ. ಅದು 1949ರ ವರೆಗೂ ಕೊಲ್ಹಾಪುರ ಸಂಸ್ಥಾನಕ್ಕೆ ಸೇರಿದ್ದು, ಅಲ್ಲಿಯ ದರಬಾರಿನ ಭಾಷೆ ಮರಾಠಿಯಾಗಿತ್ತು. ಆಡುವದು ಒಂದು, ಬರೆಯುವದು ಇನ್ನೊಂದು ಎಂಬ ಸ್ಥಿತಿಯು ಇಲ್ಲಿ ತಡವಾಗಿ ಸಡಿಲಿತು.

ಇದಕ್ಕೆ ಇದಿರಾದ ನಿದರ್ಶನವೂ ಉಂಟು. 1896ರಲ್ಲಿ ಧಾರವಾಡದಲ್ಲಿ ಹುಟ್ಟಿದ ದ. ರಾ. ಬೇಂದ್ರೆಯವರ ಮನೆಮಾತು ಮರಾಠಿ. ಅವರು ಕನ್ನಡವನ್ನು ಪುಸ್ತಕದಿಂದಷ್ಟೇ ಕಲಿತಿದ್ದರೆ ಪಂಡಿತರಾಗುತ್ತಿದ್ದರೇನೋ. ಓಣಿಯಲ್ಲಿ ಕೇಳಿ ಕಲಿತುದರಿಂದ ಕವಿಗಳಾದರು. ದಿಗ್ಗೇವಾಡಿಯ ಸೀಮೆಯವರೇ ಎನ್ನಬಹುದಾದ ಶೇಡಬಾಳದ ಮಿರ್ಜಿ ಅಣ್ಣಾರಾಯರು 1945ರಲ್ಲಿ ‘ನಿಸರ್ಗ’ ಕಾದಂಬರಿಯನ್ನು ಪ್ರಕಟಿಸಿದಾಗ, ಅಕ್ಷರಕ್ಕೆ ಎರವಾಗಿದ್ದ ಇಲ್ಲಿಯ ರೈತರ ಆಡುನುಡಿಗೆ ಗ್ರಂಥದಲ್ಲಿ ಎಡೆ ದೊರೆಯಿತು.