ತೇಪೆಗಳ ಚರಿತ್ರೆ: ಸಿದ್ದಿ ಹೆಂಗಸರ ಕವಂದಿ

'ಕಂತೆಗೆ ತಕ್ಕ ಬೊಂತೆ' ಎಂಬ ಗಾದೆ ಕನ್ನಡದಲ್ಲಿದೆ. ಎರಡು ಕಳಪೆ ಸಂಗತಿಗಳು ಒಂದಕ್ಕೊಂದು ಸರಿಯಾಗಿ ಹೊಂದಿಕೊಂಡಿವೆ ಎಂದು ಹೀಯಾಳಿಸಲು ನಾವು ಇದನ್ನು ಬಳಸುತ್ತೇವೆ. ಕಂತೆಯೂ ಬೊಂತೆಯೂ ಹಳೆಯ ಬಟ್ಟೆಯ ಚೂರುಗಳನ್ನು ಸೇರಿಸಿ ಹೊಲಿದ ಹೊದಿಕೆಯ ಹೆಸರುಗಳೆಂಬುದು ಆಗ ನಮ್ಮ ನೆನಪಿಗೆ ಬರುವುದಿಲ್ಲ. ಬಂಗಾಳದವರು ಇದೇ ಕಂತೆಯನ್ನು ಕಾಂಥಾ ಎಂದು ಕರೆದು ಹೆಮ್ಮೆಯಿಂದ ಲೋಕಕ್ಕೆ ತೋರಿಸಿದರು. ನಾವು ಅದನ್ನು ಬೈಗುಳದಲ್ಲಿ ಉಳಿಸಿಕೊಂಡೆವು.

ಹಾಗೆಂದು ತೇಪೆ ಬಟ್ಟೆಗೆ ನಮ್ಮಲ್ಲಿ ಎಂದೂ ಗೌರವವಿರಲಿಲ್ಲ ಎನ್ನುವಂತಿಲ್ಲ. ಕಾಶ್ಮೀರದ ಅರಸುಮನೆಯಲ್ಲಿ ಹುಟ್ಟಿದ ನಿಜದೇವಿ ಎಲ್ಲವನ್ನೂ ತೊರೆದು, ಬೊಂತೆಯೊಂದನ್ನು ಹೊದ್ದು ಕಲ್ಯಾಣಕ್ಕೆ ಬಂದು ಬೊಂತಾದೇವಿಯಾದಳೆಂದು ಶರಣ ಪರಂಪರೆ ಹೇಳುತ್ತದೆ. ಸೂಫಿಗಳಲ್ಲಿ ತೇಪೆ ಹಾಕಿದ ನಿಲುವಂಗಿಗೆ ಮುರಕ್ಕಾ ಎಂಬ ಹೆಸರೇ ಇತ್ತು. ಲಾಹೋರಿನ ಅಲಿ ಹುಜ್ವಿರಿ 11ನೇ ಶತಮಾನದಲ್ಲಿ ಪಾರಸಿಯಲ್ಲಿ ಬರೆದ 'ಕಶ್ಫುಲ್ ಮಹಜೂಬ್' ಗ್ರಂಥದಲ್ಲಿ ಇದಕ್ಕಾಗಿಯೇ ಒಂದು ಅಧ್ಯಾಯವಿದೆ. ಹೊಲಿಗೆ ನೇರವಾಗಿರಬೇಕೇ, ಸೂಜಿ ಹೋದಂತೆ ಹೋಗಬಹುದೇ ಎಂಬ ವಿಷಯದಲ್ಲಿಯೂ ಸೂಫಿಗಳ ನಡುವೆ ಭಿನ್ನಾಭಿಪ್ರಾಯವಿದ್ದುದನ್ನು ಅವರು ದಾಖಲಿಸುತ್ತಾರೆ. ತೂಸ್ ಪಟ್ಟಣದ ತಮ್ಮ ಗುರುವೊಬ್ಬರನ್ನು, ಫಕೀರನಿಗೆ ಕನಿಷ್ಠ ಏನು ತಿಳಿದಿರಬೇಕು ಎಂದು ಹುಜ್ವಿರಿ ಕೇಳಿದಾಗ, ಗುರು ಹೇಳಿದ ಮೂರು ಸಂಗತಿಗಳಲ್ಲಿ ಮೊದಲನೆಯದು ತೇಪೆಯನ್ನು ಸರಿಯಾಗಿ ಹಾಕುವುದು. ಸರಿಯಾದ ತೇಪೆ ಎಂದರೆ ಬಡತನದ ಸಲುವಾಗಿ ಹಾಕಿದ್ದು, ಪ್ರದರ್ಶನಕ್ಕಾಗಿ ಹಾಕಿದ್ದಲ್ಲ ಎಂಬುದು ಹುಜ್ವಿರಿಯವರ ವಿವರಣೆ. ಹರಿಯದ ಪ್ಯಾಂಟನ್ನು ಹರಿದು ತೇಪೆ ಹಾಕಿ ದುಬಾರಿ ಬೆಲೆಗೆ ಮಾರುವ ಈ ಕಾಲದಲ್ಲಿ ಆ ಮಾತು ಹಳೆಯದೆನಿಸುವುದಿಲ್ಲ.

ಆದರೆ ಇವೆಲ್ಲ ತೇಪೆಯನ್ನು ತಾವಾಗಿ ಆರಿಸಿಕೊಂಡವರ ಕಥೆಗಳು. ತೇಪೆ ಬಿಟ್ಟು ಬೇರೆ ಗತಿಯಿಲ್ಲದಿದ್ದವರ ಚರಿತ್ರೆ ಎಲ್ಲಿದೆ? ಉತ್ತರ ಕನ್ನಡದ ಸಿದ್ದಿ ಹೆಂಗಸರು ಹೊಲಿಯುವ ಕವಂದಿಯತ್ತ ನಮ್ಮನ್ನು ಕರೆದೊಯ್ದದ್ದು ಈ ಪ್ರಶ್ನೆ.

ಸಿದ್ದಿಗಳ ಹಿರಿಯರು ಪೂರ್ವ ಆಫ್ರಿಕದಿಂದ ಬಂದವರು, ಅಥವಾ ಇನ್ನೂ ಸರಿಯಾಗಿ ಹೇಳುವುದಾದರೆ, ತರಲ್ಪಟ್ಟವರು. ಅರಬ್ ವರ್ತಕರ ಹಡಗುಗಳಲ್ಲಿ ಕೆಲವರು ಬಂದರು. 1510ರಲ್ಲಿ ಗೋವೆ ಪೋರ್ಚುಗೀಸರ ಕೈಸೇರಿದ ಮೇಲೆ ಮೊಜಾಂಬಿಕ್ ಕಡೆಯಿಂದ ಗುಲಾಮರಾಗಿ ಬಂದವರು ಬಹಳ. ಗುಲಾಮಗಿರಿ ತಾಳಲಾರದೆ ಗೋವೆಯಿಂದ ತಪ್ಪಿಸಿಕೊಂಡವರು ಘಟ್ಟದ ಕಾಡು ಸೇರಿದರು. ಹಳಿಯಾಳ, ಯಲ್ಲಾಪುರ, ಮುಂಡಗೋಡ, ಅಂಕೋಲೆ, ಜೋಯಿಡಾ ಕಡೆ ಇಂದು ಇರುವವರು ಅವರ ಸಂತತಿ. ಕಾಡು ಬಿಡುಗಡೆ ಕೊಟ್ಟಿತೇನೋ ಹೌದು, ಅನ್ನ ಕೊಡಲಿಲ್ಲ. ಜಮೀನ್ದಾರರ ಗದ್ದೆ ತೋಟಗಳಲ್ಲಿ ಅವರು ಮತ್ತೆ ಆಳುಗಳಾದರು, ಎಷ್ಟೋ ಮಂದಿ ಜೀತಕ್ಕೂ ಬಿದ್ದರು.

ಇದೇ ಆಫ್ರಿಕದ ಮೂಲದವರು ದಖ್ಖನಿನ ಆಸ್ಥಾನಗಳಲ್ಲಿ ಎತ್ತರದ ಪದವಿಗೇರಿದ್ದನ್ನು ಚರಿತ್ರೆ ಮರೆತಿಲ್ಲ. ಗುಲಾಮನಾಗಿ ಬಂದ ಮಲಿಕ್ ಅಂಬರ್ ಅಹಮದ್‌ನಗರದ ಆಡಳಿತವನ್ನೇ ಕೈಯಲ್ಲಿ ಹಿಡಿದು 1626ರಲ್ಲಿ ತೀರಿಕೊಳ್ಳುವವರೆಗೂ ಮೊಘಲರಿಗೆ ತಲೆನೋವಾಗಿದ್ದ. ವಿಜಯಪುರದ ಮುಹಮ್ಮದ್ ಆದಿಲ್ ಶಾಹನ ಮಂತ್ರಿ ಇಖ್ಲಾಸ್ ಖಾನನೂ ಹಬಶಿಯೇ. ಸುಲ್ತಾನನ ಹಿಂದೆ ಆನೆಯ ಮೇಲೆ ಕುಳಿತ ಅವನ ಚಿತ್ರ ಇಂದಿಗೂ ಉಳಿದಿದೆ. ಇವರಿಗೆ ಗೋರಿಗಳಿವೆ, ಚಿತ್ರಗಳಿವೆ, ತವಾರಿಖುಗಳಲ್ಲಿ ಪುಟಗಳಿವೆ. ಕಾಡಿಗೆ ಓಡಿಹೋದವರ ಬಗ್ಗೆ ಅವರೇ ಬರೆದಿಟ್ಟ ಕಾಗದವಿಲ್ಲ. ಅವರ ಹೆಂಗಸರ ಬಗ್ಗೆಯಂತೂ ಕೇಳುವುದೇ ಬೇಡ. ಅವರ ಕೈಗುರುತು ನಮಗೆ ಸಿಗುವುದು ಹಾಡಿನಲ್ಲಿ, ಕುಣಿತದಲ್ಲಿ, ಮತ್ತು ಈ ಹೊದಿಕೆಯಲ್ಲಿ.

ಕವಂದಿ ಎಂದರೆ ಉತ್ತರ ಕರ್ನಾಟಕದ ಓದುಗರಿಗೆ ಕೌದಿಯೆಂದೇ ಹೊಳೆಯುತ್ತದೆ. ಎರಡೂ ಒಂದೇ ಮಾತಿನ ಎರಡು ಉಚ್ಚಾರ ಎಂಬುದು ನಮ್ಮ ಊಹೆ. ನಮ್ಮ ಮನೆಗಳ ಕೌದಿ ಗೊತ್ತೇ ಇದೆ. ಅಜ್ಜಿಯ ಹಳೆಯ ಇಳಕಲ್ ಸೀರೆ, ಅಜ್ಜನ ಧೋತರ, ಮಕ್ಕಳ ಹರಿದ ಅಂಗಿ, ಇವನ್ನು ಪದರ ಪದರವಾಗಿ ಹಾಸಿ, ಉದ್ದಕ್ಕೂ ದಾರ ಓಡಿಸಿದರೆ ಕೌದಿ. ಮನೆಯ ಹೆಂಗಸರು ಬೇಸಿಗೆಯ ಬಿಡುವಿನಲ್ಲಿ ಹೊಲಿಯುತ್ತಿದ್ದರು. ಊರೂರು ತಿರುಗುವ ಅಲೆಮಾರಿ ಸಮುದಾಯಗಳ ಹೆಂಗಸರು ಬಂದು ಕಾಳುಕಡಿಗೋ ಹಣಕ್ಕೋ ಹೊಲಿದುಕೊಡುವುದೂ ಉಂಟು.

ಸಿದ್ದಿ ಹೆಂಗಸರ ಕೆಲಸದ ಕ್ರಮ ಇದಕ್ಕಿಂತ ಸ್ವಲ್ಪ ಬೇರೆ. ಅಡಿಗೆ ಒಂದು ಹಳೆಯ ಸೀರೆ ಹಾಸುತ್ತಾರೆ. ಮೊದಲೇ ಚೂರುಗಳನ್ನು ಜೋಡಿಸಿ ಮೇಲುಹಾಸು ಮಾಡಿಕೊಳ್ಳುವುದಿಲ್ಲ. ಒಂದು ಮೂಲೆಯಲ್ಲಿ ಮೊದಲ ಚೂರನ್ನು ಇಟ್ಟು, ಅಂಚನ್ನು ಒಳಗೆ ಮಡಚಿ, ಅಡಿಯ ಸೀರೆಗೂ ಸೇರುವಂತೆ ಹೊಲಿಯುತ್ತಾರೆ. ಅದರ ಪಕ್ಕಕ್ಕೆ ಇನ್ನೊಂದು, ಮತ್ತೊಂದು. ಹೀಗೆ ಅಂಚಿನ ಗುಂಟ ಒಂದು ಸುತ್ತು ಬಂದು, ಆಮೇಲೆ ಅದರ ಒಳಸುತ್ತು. ಸುತ್ತು ಸುತ್ತಾಗಿ ನಡುವಿಗೆ ಬಂದು ಸೇರಿದಾಗ ಕೆಲಸ ಮುಗಿಯುತ್ತದೆ. ಗಜಕಡ್ಡಿ ಇಲ್ಲ, ಚೌಕಟ್ಟು ಇಲ್ಲ, ಕಾಗದದ ಮೇಲೆ ನಕ್ಷೆಯಿಲ್ಲ. ಯಾವ ಚೂರು ಎಲ್ಲಿಗೆ ಎಂಬುದನ್ನು ಕೈಗೆ ಸಿಕ್ಕಿದ ಬಟ್ಟೆಯೂ ಕಣ್ಣೂ ಸೇರಿ ಅಲ್ಲಿಯೇ ನಿರ್ಧರಿಸುತ್ತವೆ. ದಪ್ಪ ದಾರದ ಓಡುಹೊಲಿಗೆಯ ಸಾಲುಗಳು ದೂರದಿಂದಲೂ ಕಾಣುವಂತಿರುತ್ತವೆ. ಮರೆಮಾಚುವ ಹೊಲಿಗೆಯಲ್ಲ ಅದು.

ಕೊನೆಗೆ ನಾಲ್ಕು ಮೂಲೆಗಳಿಗೆ ತ್ರಿಕೋನವಾಗಿ ಮಡಚಿದ ಬಟ್ಟೆಯ ಚೂರುಗಳನ್ನು ಒಂದರ ಮೇಲೊಂದು ಇಟ್ಟು ಹೊಲಿಯುತ್ತಾರೆ. ಇದಕ್ಕೆ ಫೂಲ್, ಅಂದರೆ ಹೂವು, ಎಂದು ಹೆಸರು. ಚಳಿ ತಡೆಯುವುದಕ್ಕೆ ಈ ಹೂವಿನಿಂದ ಎಳ್ಳಷ್ಟೂ ಉಪಯೋಗವಿಲ್ಲ. ಆದರೂ ಅದಿಲ್ಲದ ಕವಂದಿ ಪೂರ್ತಿಯಾದದ್ದಲ್ಲ, ಅದು ಬೆತ್ತಲೆ ಎಂಬುದು ಹೊಲಿಯುವವರ ಭಾವನೆ. ಹೊಟ್ಟೆ ಬಟ್ಟೆಗೇ ಕಷ್ಟವಿದ್ದ ಮನೆಯಲ್ಲಿ ಯಾರಿಗೂ ಉಪಯೋಗವಿಲ್ಲದ ಈ ಹೂವಿಗಾಗಿ ಕೆಲವು ಚೂರುಗಳನ್ನು ತೆಗೆದಿಡುತ್ತಿದ್ದರು ಎಂಬುದೇ ನಮಗೆ ಇಡೀ ಕವಂದಿಯಲ್ಲಿ ಬಹಳ ಮುಖ್ಯವಾದ ಸಂಗತಿಯಾಗಿ ಕಾಣುತ್ತದೆ.

ಸಿದ್ದಿಗಳಲ್ಲಿ ಮುಸ್ಲಿಮರಿದ್ದಾರೆ, ಕ್ರೈಸ್ತರಿದ್ದಾರೆ, ಹಿಂದೂಗಳಿದ್ದಾರೆ. ಮುಸ್ಲಿಮ್ ಹೆಂಗಸರ ಕವಂದಿಯಲ್ಲಿ ಒಮ್ಮೊಮ್ಮೆ ಅರ್ಧಚಂದ್ರವನ್ನೋ ಮಸೀದಿಯ ಆಕಾರವನ್ನೋ ಕಾಣಬಹುದು. ಕ್ರೈಸ್ತರದ್ದರಲ್ಲಿ ಶಿಲುಬೆ ಇರಬಹುದು. ಆದರೆ ಮೂಲೆಯಿಂದ ಶುರುವಾಗಿ ನಡುವಿಗೆ ಬರುವ ದಾರಿ ಒಂದೇ, ಹೂವೂ ಒಂದೇ. ತೊಟ್ಟಿಲಿನ ಕೂಸಿಗಾಗಿ ಹೊಲಿಯುವ ಪುಟ್ಟ ಕವಂದಿಗಳಲ್ಲಂತೂ ಬಣ್ಣಗಳು ಕಿಕ್ಕಿರಿದಿರುತ್ತವೆ.

ಇಷ್ಟು ಹಳೆಯ ಜನರ ಕೈಕೆಲಸವಾದರೂ ಬಹಳ ಹಳೆಯ ಕವಂದಿ ನೋಡಸಿಗುವುದಿಲ್ಲ. ಬಳಕೆಯ ವಸ್ತು ಅದು. ಹಾಸಿ, ಹೊದ್ದು, ಹಳ್ಳದಲ್ಲಿ ಒಗೆದು, ಬಂಡೆಯ ಮೇಲೆ ಒಣಗಿಸಿ, ಮಕ್ಕಳು ಉಚ್ಚೆ ಹೊಯ್ದು, ಕೆಲವು ವರ್ಷಗಳಲ್ಲಿ ಹಿಂಜಿಹೋಗುತ್ತದೆ. ತೀರ ಹರಿದಾಗ ಅದರ ಮೇಲೆಯೇ ಹೊಸ ಚೂರುಗಳನ್ನು ಹಾಕಬಹುದು, ಆಗ ಹಳೆಯದು ಹೊಸದರ ಹೊಟ್ಟೆಯೊಳಗೆ ಸೇರುತ್ತದೆ. ಕಾಗದಪತ್ರ ಹುಡುಕುವ ಚರಿತ್ರೆಕಾರನಿಗೆ ಇದರಿಂದ ತೊಡಕೇ. ಇಲ್ಲಿ ಉಳಿದುಬಂದದ್ದು ವಸ್ತುವಲ್ಲ, ತಾಯಿಯ ಪಕ್ಕ ಕುಳಿತು ಮಗಳು ಕಲಿತ ಕೈ.

ಈ ಕೈಯನ್ನು ಲೋಕ ಗುರುತಿಸಿದ್ದು ಇತ್ತೀಚೆಗೆ. ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಜಾನ್ ಡ್ರೂವಲ್ 2000ದ ದಶಕದಲ್ಲಿ ಸಿದ್ದಿಗಳ ನಡುವೆ ಅಧ್ಯಯನ ನಡೆಸಿದರು. ಹೊಲಿಯುವ ಹೆಂಗಸರದೇ ಒಂದು ಸಹಕಾರಿ ಕೂಟವೂ ಆಗ ಹುಟ್ಟಿತು. 2011ರಲ್ಲಿ ನ್ಯೂಯಾರ್ಕಿನ ಹಾರ್ಲೆಮ್‌ನಲ್ಲಿರುವ ಶಾಂಬರ್ಗ್ ಕೇಂದ್ರದಲ್ಲಿ ಕವಂದಿಗಳ ಪ್ರದರ್ಶನ ನಡೆಯಿತು. ಹಳಿಯಾಳ ಸೀಮೆಯ ಹೊದಿಕೆಗಳು ಅಮೆರಿಕದ ಕರಿಯರ ಸಂಸ್ಕೃತಿಯ ದೊಡ್ಡ ಭಂಡಾರವೊಂದರ ಗೋಡೆಗೇರಿದವು.

ಅಲ್ಲಿ ನೋಡಿದವರಿಗೆ ಅಲಬಾಮಾದ ಗೀಸ್ ಬೆಂಡ್ ಹಳ್ಳಿ ನೆನಪಾದರೆ ಆಶ್ಚರ್ಯವಿಲ್ಲ. ಗುಲಾಮರ ಸಂತತಿಯ ಆ ಹಳ್ಳಿಯ ಹೆಂಗಸರೂ ಹಳೆಯ ಕೆಲಸದ ಬಟ್ಟೆಗಳಿಂದ ಇಂಥದೇ ಬೆರಗಿನ ಹೊದಿಕೆಗಳನ್ನು ಹೊಲಿದವರು. ಹೋಲಿಕೆ ಕಣ್ಣಿಗೆ ಹೊಡೆಯುತ್ತದೆ, ನಿಜ. ಆದರೆ ಅಮೆರಿಕಕ್ಕೆ ಹೋದವರಲ್ಲಿ ಹೆಚ್ಚಿನವರು ಪಶ್ಚಿಮ ಮತ್ತು ನಡು ಆಫ್ರಿಕದವರು, ಘಟ್ಟಕ್ಕೆ ಬಂದವರು ಪೂರ್ವದವರು. ಪದರ ಹಾಸಿ ಹೊಲಿಯುವ ವಿದ್ಯೆ ದಖ್ಖನಿನ ಮನೆಮನೆಯಲ್ಲೂ ಇತ್ತು, ಮರಾಠಿಯ ಗೋಧಡಿಯೂ ಇದೇ ಬಳಗದ್ದು. ಆದ್ದರಿಂದ ಕವಂದಿಯ ಬಣ್ಣವೆಲ್ಲ ಆಫ್ರಿಕದ ನೆನಪು ಎನ್ನುವುದು ನಮಗೆ ಆತುರದ ಮಾತೆನಿಸುತ್ತದೆ. ಇದು ಬರೀ ನಮ್ಮ ಕೌದಿಯೇ ಬಿಡಿ ಎಂದು ಕೈತೊಳೆದುಕೊಳ್ಳುವುದು ಇನ್ನೂ ಕೆಟ್ಟದ್ದು. ಬಂದ ನಾಡಿನ ಸೂಜಿ ಹಿಡಿದು, ಇತರರ ಮನೆಯಿಂದ ಬಂದ ಹಳೆಯ ಬಟ್ಟೆಯಿಂದಲೂ ತಮ್ಮದೇ ಕ್ರಮವೊಂದನ್ನು ಕಟ್ಟಿಕೊಂಡರಲ್ಲ, ಆ ಶ್ರೇಯಸ್ಸು ಯಾವ ಖಂಡಕ್ಕೂ ಸೇರಿದ್ದಲ್ಲ, ಆ ಹೆಂಗಸರದು.

ಗೀಸ್ ಬೆಂಡಿನಿಂದ ಕಲಿಯಬೇಕಾದ ಇನ್ನೊಂದು ಸಂಗತಿಯಿದೆ. ಅಲ್ಲಿನ ಹೊದಿಕೆಗಳು 2002ರಲ್ಲಿ ಮ್ಯೂಸಿಯಂ ಸೇರಿದವು, 2006ರಲ್ಲಿ ಅಂಚೆಚೀಟಿಗಳ ಮೇಲೂ ಬಂದವು. ಮರುವರ್ಷ ಹೊಲಿದವರಲ್ಲಿ ಕೆಲವರು ತಮಗೆ ಸಲ್ಲಬೇಕಾದ ಪಾಲು ಬಂದಿಲ್ಲವೆಂದು ನ್ಯಾಯಾಲಯಕ್ಕೆ ಹೋದರು. 2008ರಲ್ಲಿ ಆ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ಯಾರ ಕಡೆ ನ್ಯಾಯವಿತ್ತೆಂದು ತೀರ್ಪು ಕೊಡಲು ನಾವು ಹೊರಟಿಲ್ಲ. ಆದರೆ ಮನೆಗಾಗಿ ಹೊಲಿದದ್ದು ಗೋಡೆಗೇರಿ ಬೆಲೆ ಪಡೆದ ಕೂಡಲೇ, ಇದು ಯಾರದು ಎಂಬ ಪ್ರಶ್ನೆ ಹುಟ್ಟಿಯೇ ತೀರುತ್ತದೆ. ಕವಂದಿಗೂ ಅದು ತಪ್ಪಿದ್ದಲ್ಲ. ಈಗ ನಗರಗಳ ಅಂಗಡಿಗಳಲ್ಲಿ ಹೊಸ ಬಟ್ಟೆಯನ್ನೇ ಚೂರು ಮಾಡಿ, ಮಶೀನಿನಲ್ಲಿ ಹೊಲಿದು, ಕೌದಿಯೆಂದು ಮಾರುವುದನ್ನು ನೋಡುತ್ತೇವೆ. ಹುಜ್ವಿರಿಯವರ ಗುರು ಕಂಡಿದ್ದರೆ ಏನೆನ್ನುತ್ತಿದ್ದರೋ.

ಸರಕಾರದ ಗುರುತು ಸಿಕ್ಕಿದ್ದೂ ತಡವಾಗಿಯೇ. ಉತ್ತರ ಕನ್ನಡದ ಸಿದ್ದಿಗಳು ಪರಿಶಿಷ್ಟ ಪಂಗಡದ ಪಟ್ಟಿಗೆ ಸೇರಿದ್ದು 2003ರಲ್ಲಿ. ಬೆಳಗಾವಿ ಮತ್ತು ಧಾರವಾಡ ಜಿಲ್ಲೆಗಳ ಸಿದ್ದಿಗಳು ಅದಕ್ಕಾಗಿ 2020ರವರೆಗೆ ಕಾಯಬೇಕಾಯಿತು. ನಡುವೆ ಒಂದೇ ಕುಲದ ಜನ, ಜಿಲ್ಲೆಯ ಗಡಿಯ ಈಚೆಗೊಂದು ಜಾತಿ, ಆಚೆಗೊಂದು ಜಾತಿಯಾಗಿದ್ದರು.

ಇತ್ತ ನಮ್ಮ ಮನೆಗಳಲ್ಲಿ ಕೌದಿಯ ಜಾಗಕ್ಕೆ ಅಗ್ಗದ ಮಿಂಕ್ ರಗ್ಗುಗಳು ಬಂದಿವೆ. ಹತ್ತಿಯ ಹಳೆ ಸೀರೆಯೇ ಅಪರೂಪವಾಗಿದೆ. ಪಾಲಿಯೆಸ್ಟರ್ ಚೂರು ಸೂಜಿಗೆ ಜಾರುತ್ತದೆ, ಮೈಗೆ ಬೆಚ್ಚಗೂ ಇರುವುದಿಲ್ಲ. ಸಿದ್ದಿ ಹೆಂಗಸರಿಗೂ ಇದೇ ಕಷ್ಟ. ಆದರೂ ಹಳಿಯಾಳ, ಮುಂಡಗೋಡ ಕಡೆಯ ಹಾಡಿಗಳಲ್ಲಿ ಕೂಸು ಹುಟ್ಟುವ ಮನೆಯಲ್ಲಿ ಯಾರಾದರೊಬ್ಬರು ಹಳೆಯ ಸೀರೆ ಹುಡುಕಿ ಅಂಗಳದಲ್ಲಿ ಹಾಸುತ್ತಾರೆ, ಮೂಲೆಯಿಂದ ಶುರು ಮಾಡುತ್ತಾರೆ.